ಕ್ಯಾಶ್‌ಬ್ಯಾಕೋ, ವಿಮಾನದ ಪಾಯಿಂಟೋ: ಸಿಂಧನೂರು ಸೀಮೆಯ ಒಂದು ಲೆಕ್ಕ

ಸಿಂಧನೂರಿಗೆ ರೈಲು ಬಂದದ್ದು 2024ರ ಮಾರ್ಚ್‌ನಲ್ಲಿ. ಅಲ್ಲಿವರೆಗೆ ಕಾರಟಗಿಯಲ್ಲೇ ನಿಲ್ಲುತ್ತಿದ್ದ ಯಶವಂತಪುರ ಎಕ್ಸ್‌ಪ್ರೆಸ್ ಈಗ ಇಲ್ಲಿಂದ ಹೊರಡುತ್ತದೆ. ರಾತ್ರಿ ಮಲಗಿದರೆ ಬೆಳಗ್ಗೆ ಬೆಂಗಳೂರು. ಮಸ್ಕಿ, ಲಿಂಗಸುಗೂರಿನ ಜನ ಇನ್ನೂ 150ಎ ಹೆದ್ದಾರಿಯ ಬಸ್ಸನ್ನೇ ನೆಚ್ಚಿಕೊಂಡಿದ್ದಾರೆ. ಗದಗ–ವಾಡಿ ಮಾರ್ಗದ ಕೆಲಸ ಮುಗಿದರೆ ಲಿಂಗಸುಗೂರಿಗೂ ರೈಲು ಬಂದೀತು. ವಿಮಾನದ ಮಾತು ಬೇರೆ. ಇಡೀ ರಾಯಚೂರು ಜಿಲ್ಲೆಯಲ್ಲಿ ಪ್ರಯಾಣಿಕರ ವಿಮಾನ ಹಾರುವ ನಿಲ್ದಾಣ ಇಲ್ಲ. ಯರಮರಸ್‌ನಲ್ಲಿ ಆಗುತ್ತದೆ ಎಂಬ ಮಾತು ವರ್ಷಗಳಿಂದ ನಡೆದೇ ಇದೆ. ಹಾರಬೇಕೆಂದರೆ ಮೊದಲು ಹುಬ್ಬಳ್ಳಿಗೋ ಹೈದರಾಬಾದಿಗೋ ಬೆಂಗಳೂರಿಗೋ ಗಂಟೆಗಟ್ಟಲೆ ನೆಲದ ಮೇಲೆ ಹೋಗಬೇಕು.

ಹೀಗಿರುವಾಗ ಸಿಂಧನೂರು, ಮಸ್ಕಿ, ಲಿಂಗಸುಗೂರು ಈ ಮೂರೂ ಊರುಗಳ ಮಾಸ್ತರರ, ಸ್ಟಾಫ್ ನರ್ಸುಗಳ, ಹಟ್ಟಿ ಚಿನ್ನದ ಗಣಿಯ ನೌಕರರ ಫೋನಿಗೆ ದಿನ ಬಿಟ್ಟು ದಿನ ಕರೆ ಬರುತ್ತದೆ. ‘ಸರ್, ನಿಮಗೆ ಪ್ರೀಮಿಯಂ ಟ್ರಾವೆಲ್ ಕಾರ್ಡ್ ಅಪ್ರೂವ್ ಆಗಿದೆ, ಏರ್‌ಪೋರ್ಟ್ ಲಾಂಜ್ ಫ್ರೀ, ಏರ್ ಮೈಲ್ಸ್ ಸಿಗ್ತವೆ’ ಎನ್ನುತ್ತದೆ ಆ ಕಡೆಯ ದನಿ. ಮರುದಿನ ಇನ್ನೊಂದು ಬ್ಯಾಂಕಿನವರು ಶೇ 5 ಕ್ಯಾಶ್‌ಬ್ಯಾಕ್ ಎನ್ನುತ್ತಾರೆ. ದೇಶದಲ್ಲಿ ಚಾಲ್ತಿಯಲ್ಲಿರುವ ಕ್ರೆಡಿಟ್ ಕಾರ್ಡುಗಳ ಸಂಖ್ಯೆ 2024ರ ಫೆಬ್ರುವರಿಯಲ್ಲೇ 10 ಕೋಟಿ ದಾಟಿತು. ದೊಡ್ಡ ನಗರಗಳಲ್ಲಿ ಕಾರ್ಡು ತೆಗೆದುಕೊಳ್ಳುವವರಿಗೆಲ್ಲ ಕೊಟ್ಟಾಗಿದೆ. ಈಗ ಬ್ಯಾಂಕುಗಳ ಕಣ್ಣು ತಾಲ್ಲೂಕು ಕೇಂದ್ರಗಳ ಮೇಲಿದೆ. ಆದ್ದರಿಂದ ಯಾವ ಕಾರ್ಡು ಒಳ್ಳೆಯದು ಎಂಬ ಪ್ರಶ್ನೆಗೆ ಬೆಂಗಳೂರಿನ ಉತ್ತರವನ್ನೇ ಇಲ್ಲಿಗೆ ತಂದು ಒಪ್ಪಿಸುವುದು ಸರಿಯಲ್ಲ. ಸಿಂಧನೂರಿನ ಲೆಕ್ಕವನ್ನು ಸಿಂಧನೂರಿನ ಖರ್ಚಿನ ಮೇಲೇ ಹಾಕಬೇಕು.

ಎರಡು ಬಗೆಯ ಕಾರ್ಡುಗಳ ವ್ಯತ್ಯಾಸ ಸರಳ. ಕ್ಯಾಶ್‌ಬ್ಯಾಕ್ ಕಾರ್ಡು ನೀವು ಮಾಡಿದ ಖರ್ಚಿನ ಒಂದು ಪಾಲನ್ನು ರೊಕ್ಕದ ರೂಪದಲ್ಲೇ ಬಿಲ್ಲಿನಲ್ಲಿ ಕಳೆಯುತ್ತದೆ. ಪ್ರಯಾಣದ ಕಾರ್ಡು ಪಾಯಿಂಟು ಕೊಡುತ್ತದೆ. ಆ ಪಾಯಿಂಟನ್ನು ವಿಮಾನದ ಟಿಕೆಟಿಗೋ ಹೋಟೆಲಿಗೋ ಬದಲಾಯಿಸಿಕೊಂಡರೆ ಒಂದಕ್ಕೆ ಒಂದು ರೂಪಾಯಿ ಬೆಲೆ ಬರಬಹುದು, ಜಾಣತನದಿಂದ ಬಳಸಿದರೆ ಅದಕ್ಕಿಂತ ಹೆಚ್ಚೂ ಬರಬಹುದು. ಅದೇ ಪಾಯಿಂಟನ್ನು ಗಿಫ್ಟ್ ವೋಚರಿಗೋ ಮಿಕ್ಸರಿಗೋ ಕೊಟ್ಟರೆ ನಾಲ್ಕಾಣೆ, ಎಂಟಾಣೆಗೆ ಇಳಿಯುತ್ತದೆ. ಕೆಲವು ಬ್ಯಾಂಕುಗಳು ಪಾಯಿಂಟು ಬಿಡಿಸಿಕೊಳ್ಳಲಿಕ್ಕೂ 99 ರೂಪಾಯಿ ಮತ್ತು ಜಿಎಸ್‌ಟಿ ತೆಗೆದುಕೊಳ್ಳುತ್ತವೆ.

ಈ ರೊಕ್ಕ ಬರುವುದು ಎಲ್ಲಿಂದ? ಬ್ಯಾಂಕಿನವರ ಕೈಯಿಂದಲ್ಲ. ಒಂದು ಪಾಲು ಅಂಗಡಿಯವರದು. ಕಾರ್ಡು ಉಜ್ಜಿದಾಗ ಅಂಗಡಿಯವರಿಗೆ ಪೂರ್ತಿ ಮೊತ್ತ ಸೇರುವುದಿಲ್ಲ, ಶೇ 2ರ ಆಸುಪಾಸು ಕಡಿತವಾಗುತ್ತದೆ. ಇನ್ನೊಂದು ಪಾಲು ಬಿಲ್ಲನ್ನು ಪೂರ್ತಿ ಕಟ್ಟದೆ ಬಡ್ಡಿ ತೆರುವ ಗ್ರಾಹಕರದು. ಅಂಗಡಿಯ ಪಾಲನ್ನು ತಿಳಿದುಕೊಂಡರೆ ಒಂದು ಸಂಗತಿ ಹೊಳೆಯುತ್ತದೆ. ಸಿಂಧನೂರಿನ ಬಟ್ಟೆ ಅಂಗಡಿಯಲ್ಲೋ ಲಿಂಗಸುಗೂರಿನ ಮೊಬೈಲ್ ಅಂಗಡಿಯಲ್ಲೋ ‘ಕಾರ್ಡಾದ್ರ ಎರಡು ಪರ್ಸೆಂಟ್ ಹೆಚ್ಚಾಗ್ತದ ನೋಡ್ರಿ’ ಎನ್ನುವುದುಂಟು. ಹಾಗೆ ಮೇಲೆ ಕೇಳುವುದು ಬ್ಯಾಂಕಿನ ಜೊತೆ ಅಂಗಡಿಯವರು ಮಾಡಿಕೊಂಡ ಕರಾರಿಗೆ ವಿರುದ್ಧ. ಆದರೆ ಅಂಗಡಿಯ ಮುಂದೆ ನಿಂತು ವಾದ ಮಾಡುವುದಕ್ಕಿಂತ ಲೆಕ್ಕ ಹಾಕುವುದು ಮೇಲು. ಎರಡು ಪರ್ಸೆಂಟ್ ಹೆಚ್ಚು ಕೊಟ್ಟು ಒಂದು ಪರ್ಸೆಂಟ್ ಕ್ಯಾಶ್‌ಬ್ಯಾಕ್ ಪಡೆದರೆ ನಷ್ಟ ನಿಮ್ಮದೇ. ಅಲ್ಲಿ ನಗದು ಕೊಟ್ಟು ಚೌಕಾಶಿ ಮಾಡುವುದೇ ಲಾಭ.

ಇನ್ನು ಖರ್ಚಿನ ಪಟ್ಟಿಗೆ ಬರೋಣ. ನಮ್ಮ ಭಾಗದ ಒಂದು ಮಧ್ಯಮ ವರ್ಗದ ಮನೆಯ ದೊಡ್ಡ ಖರ್ಚುಗಳು ಯಾವುವು? ಬಂಗಾರ, ಮಕ್ಕಳ ಫೀಸು, ಪೆಟ್ರೋಲ್–ಡೀಸೆಲ್, ವಿಮೆಯ ಕಂತು, ಬಾಡಿಗೆ, ಹೊಲವಿದ್ದವರಿಗೆ ಬೀಜ–ಗೊಬ್ಬರ. ಬಹುಪಾಲು ಕ್ಯಾಶ್‌ಬ್ಯಾಕ್ ಕಾರ್ಡುಗಳು ಬಿಟ್ಟುಬಿಡುವುದೂ ಇವನ್ನೇ. ಎಸ್‌ಬಿಐ ಕಾರ್ಡಿನವರು 2022ರ ಸೆಪ್ಟೆಂಬರ್‌ನಲ್ಲಿ ‘ಕ್ಯಾಶ್‌ಬ್ಯಾಕ್’ ಎಂಬ ಹೆಸರಿನ ಕಾರ್ಡನ್ನೇ ತಂದರು. ಆನ್‌ಲೈನ್ ಖರೀದಿಗೆ ಶೇ 5, ಅಂಗಡಿಯ ಖರೀದಿಗೆ ಶೇ 1, ವಾರ್ಷಿಕ ಶುಲ್ಕ 999 ರೂಪಾಯಿ, ವರ್ಷಕ್ಕೆ 2 ಲಕ್ಷ ಖರ್ಚು ಮಾಡಿದರೆ ಆ ಶುಲ್ಕ ಮಾಫಿ. ಜನ ಮುಗಿಬಿದ್ದರು. 2023ರ ಮೇ ತಿಂಗಳಲ್ಲಿ ನಿಯಮ ಬಿಗಿಯಾಯಿತು. ಒಡವೆ, ಶಾಲೆ–ಕಾಲೇಜಿನ ಫೀಸು, ಕರೆಂಟ್ ಬಿಲ್ಲಿನಂಥ ಸೇವೆಗಳು, ವಿಮೆ ಇವೆಲ್ಲ ಕ್ಯಾಶ್‌ಬ್ಯಾಕಿನಿಂದ ಹೊರಗಾದವು. ತಿಂಗಳ ಗರಿಷ್ಠ ಮಿತಿ ಅರ್ಧಕ್ಕಿಳಿದು 5,000 ರೂಪಾಯಿ ಆಯಿತು. ಇದು ಒಂದು ಬ್ಯಾಂಕಿನ ಕಥೆ ಮಾತ್ರವಲ್ಲ. ಕಾರ್ಡು ಬಿಡುಗಡೆಯಾದ ದಿನದ ಜಾಹೀರಾತು ಎರಡು ವರ್ಷದ ಮೇಲೆ ಉಳಿಯುವುದು ಅಪರೂಪ. ಆದ್ದರಿಂದ ತೆಗೆದುಕೊಳ್ಳುವ ದಿನ ಬ್ಯಾಂಕಿನ ಸ್ವಂತ ಜಾಲತಾಣದಲ್ಲಿರುವ ನಿಯಮವನ್ನು, ಅದರಲ್ಲೂ ಯಾವುದಕ್ಕೆ ಸಿಗುವುದಿಲ್ಲ ಎಂಬ ಪಟ್ಟಿಯನ್ನು ಓದಿ.

ಕರ್ನಾಟಕದ ಮನೆಗಳಿಗೆ ಇನ್ನೂ ಒಂದು ಲೆಕ್ಕವಿದೆ. ಕರೆಂಟ್ ಬಿಲ್ಲಿಗೆ ಶೇ 5 ಕೊಡುತ್ತೇವೆ ಎನ್ನುವ ಕಾರ್ಡು ಮಹಾರಾಷ್ಟ್ರದಲ್ಲಿ ಲಾಭದ್ದಾಗಬಹುದು. ಗೃಹಜ್ಯೋತಿ ಬಂದ 2023ರಿಂದ ಇಲ್ಲಿನ ಬಹಳಷ್ಟು ಮನೆಗಳ ಜೆಸ್ಕಾಂ ಬಿಲ್ಲು ಸೊನ್ನೆ. ಸೊನ್ನೆಯ ಮೇಲೆ ಐದು ಪರ್ಸೆಂಟೂ ಸೊನ್ನೆಯೇ. ಅದೇ ವರ್ಷದ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಸಾಮಾನ್ಯ, ವೇಗದೂತ ಬಸ್ಸುಗಳ ಪ್ರಯಾಣ ಉಚಿತ. ಲಿಂಗಸುಗೂರಿನಿಂದ ಮಸ್ಕಿಯ ಶಾಲೆಗೆ ದಿನಾಲೂ ಹೋಗಿಬರುವ ಶಿಕ್ಷಕಿಯ ಬಸ್ಸಿನ ಖರ್ಚು ಆಧಾರ್ ಕಾರ್ಡು ತೋರಿಸಿದರೆ ಮುಗಿಯಿತು. ಅವರ ವರ್ಷದ ಪ್ರಯಾಣದಲ್ಲಿ ಬಹುಪಾಲಿಗೆ ಪ್ರಯಾಣದ ಕಾರ್ಡು ಏನೂ ಕೊಡಲಾರದು.

ಗೊಬ್ಬರದ ಅಂಗಡಿಯಲ್ಲೂ ಒಂದು ಯಂತ್ರವಿದೆ. ಕಾರ್ಡು ಉಜ್ಜುವ ಯಂತ್ರದ ಹಾಗೆಯೇ ಕಾಣುತ್ತದೆ, ಆದರೆ ಅದಕ್ಕೆ ಬೇಕಿರುವುದು ಹೆಬ್ಬೆರಳು. ಯೂರಿಯಾ, ಡಿಎಪಿ ಚೀಲ ಕೊಳ್ಳುವ ರೈತನ ಆಧಾರ್ ಗುರುತನ್ನು ಹಿಡಿದು ಸಬ್ಸಿಡಿಯ ಲೆಕ್ಕವನ್ನು ಸರ್ಕಾರಕ್ಕೆ ಮುಟ್ಟಿಸುವುದು ಅದರ ಕೆಲಸ. ರೊಕ್ಕ ಕೊಡುವುದು ಬೇರೆ, ಅದು ಬಹುತೇಕ ನಗದು ಇಲ್ಲವೇ ಉದ್ರಿ. ನಾಟಿಯ ಕೂಲಿ, ಕಟಾವಿನ ಯಂತ್ರದ ಬಾಡಿಗೆ ಇವಕ್ಕೂ ಕಾರ್ಡು ನಡೆಯುವುದಿಲ್ಲ. ಡೀಸೆಲ್‌ಗೆ ನಡೆಯುತ್ತದೆ, ಆದರೆ ಅಲ್ಲೂ ಸೂಕ್ಷ್ಮವಿದೆ. ಬಂಕಿನಲ್ಲಿ ಕ್ರೆಡಿಟ್ ಕಾರ್ಡು ಉಜ್ಜಿದರೆ ಶೇ 1ರ ಸರ್‌ಚಾರ್ಜ್ ಬೀಳುತ್ತದೆ. ಸಾಮಾನ್ಯವಾಗಿ ನಾಲ್ಕೈದು ನೂರರಿಂದ ನಾಲ್ಕೈದು ಸಾವಿರದವರೆಗಿನ ಬಿಲ್ಲಿಗೆ ಮಾತ್ರ ಅದನ್ನು ವಾಪಸ್ ಕೊಡುತ್ತಾರೆ, ಅದರ ಮೇಲಿನ ಜಿಎಸ್‌ಟಿ ಮರಳುವುದಿಲ್ಲ. ಟ್ರ್ಯಾಕ್ಟರಿನ ಟ್ಯಾಂಕು ತುಂಬಿಸಿ ಮೇಲೆ ಎರಡು ಕ್ಯಾನ್ ಹಿಡಿಸಿದರೆ ಆ ಮಿತಿ ದಾಟಿಹೋಗುತ್ತದೆ. ಇಂಧನಕ್ಕೆಂದೇ ಬೇರೆ ಕಾರ್ಡುಗಳಿವೆ. ಭಾರತ್ ಪೆಟ್ರೋಲಿಯಂ ಜೊತೆಗಿನ ಎಸ್‌ಬಿಐ ಕಾರ್ಡು ಆ ಕಂಪನಿಯ ಬಂಕಿನಲ್ಲಿ 100 ರೂಪಾಯಿಗೆ 13 ಪಾಯಿಂಟು ಕೊಡುತ್ತದೆ, ಒಂದು ಪಾಯಿಂಟಿಗೆ 25 ಪೈಸೆ, ತಿಂಗಳಿಗೆ 1,300 ಪಾಯಿಂಟಿನ ಮಿತಿ. ಎಂದರೆ ಹೆಚ್ಚೆಂದರೆ ತಿಂಗಳಿಗೆ 325 ರೂಪಾಯಿ. ನಿಮ್ಮೂರ ದಾರಿಯಲ್ಲಿರುವ ಬಂಕು ಯಾವ ಕಂಪನಿಯದು ಎಂದು ನೋಡಿಕೊಂಡೇ ಅಂಥ ಕಾರ್ಡು ತೆಗೆದುಕೊಳ್ಳಬೇಕು.

ದೊಡ್ಡ ಖರ್ಚುಗಳು ಹೀಗೆ ಕಳಚಿಕೊಂಡ ಮೇಲೆ ಉಳಿಯುವುದು ಕಿರಾಣಿ, ಔಷಧ, ಬಟ್ಟೆ, ಮೊಬೈಲ್ ರೀಚಾರ್ಜ್, ಆನ್‌ಲೈನ್ ಖರೀದಿ. ಕಿರಾಣಿಯಲ್ಲಿ ಇನ್ನೊಂದು ತೊಡಕು ಎದುರಾಗುತ್ತದೆ. ಮಸ್ಕಿಯ ಬಜಾರಿನ ಕಿರಾಣಿ ಅಂಗಡಿಗಳಲ್ಲಿ ಕಾರ್ಡು ಉಜ್ಜುವ ಯಂತ್ರ ಸಿಗುವುದು ಕಡಿಮೆ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಒಂದು ಕ್ಯುಆರ್ ಕೋಡು, ರೊಕ್ಕ ಬಿದ್ದ ಕೂಡಲೇ ಕೂಗಿ ಹೇಳುವ ಸೌಂಡ್ ಬಾಕ್ಸು, ಅಷ್ಟೇ. ಅಲ್ಲಿ ವೀಸಾ, ಮಾಸ್ಟರ್‌ಕಾರ್ಡುಗಳು ಕೆಲಸಕ್ಕೆ ಬರುವುದಿಲ್ಲ. ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಲು ರಿಸರ್ವ್ ಬ್ಯಾಂಕ್ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು, ಆ ಅವಕಾಶ ಇರುವುದು ರುಪೇ ಕಾರ್ಡುಗಳಿಗೆ ಮಾತ್ರ. ಫೋನಿನ ಆ್ಯಪ್‌ನಲ್ಲಿ ಕಾರ್ಡು ಸೇರಿಸಿ, ಕೋಡು ಸ್ಕ್ಯಾನ್ ಮಾಡಿ, ಬ್ಯಾಂಕ್ ಖಾತೆಯ ಬದಲು ಕಾರ್ಡನ್ನು ಆರಿಸಿ, ಯುಪಿಐ ಪಿನ್ ಒತ್ತಿದರೆ ಆಯಿತು. ಸಣ್ಣ ವ್ಯಾಪಾರಿಗಳಿಗೆ 2,000 ರೂಪಾಯಿವರೆಗಿನ ವಹಿವಾಟಿಗೆ ಕಡಿತವೂ ಇಲ್ಲ, ಹಾಗಾಗಿ ಅವರೂ ಮುಖ ಸಿಂಡರಿಸುವುದಿಲ್ಲ. ಆದರೆ ಅಂಗಡಿಯವರ ಕೋಡು ವ್ಯಾಪಾರಿ ಖಾತೆಯದಾಗಿರಬೇಕು. ಎಷ್ಟೋ ಕಡೆ ಅಂಗಡಿಯವರ ಮಗನ ಉಳಿತಾಯ ಖಾತೆಯ ಕೋಡನ್ನೇ ಅಂಟಿಸಿರುತ್ತಾರೆ. ಅದು ಒಬ್ಬರಿಂದ ಒಬ್ಬರಿಗೆ ರೊಕ್ಕ ಕಳಿಸಿದಂತೆ, ಅಲ್ಲಿ ಕ್ರೆಡಿಟ್ ಕಾರ್ಡು ನಡೆಯುವುದಿಲ್ಲ. ಯುಪಿಐ ಮೂಲಕ ಮಾಡಿದ ಖರ್ಚಿಗೆ ಪ್ರತಿಫಲ ಕೊಡುವುದೂ ಎಲ್ಲ ಕಾರ್ಡುಗಳ ನಿಯಮದಲ್ಲಿಲ್ಲ. ಈ ಮೂರು ಊರುಗಳಲ್ಲಿ ಕಾರ್ಡು ತೆಗೆದುಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆ ಎರಡು: ಇದು ರುಪೇಯೇ? ಯುಪಿಐ ಖರ್ಚಿಗೆ ಎಷ್ಟು ಕೊಡುತ್ತೀರಿ? ಲಾಂಜಿನ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಿ.

ಈಗ ಒಂದು ಮನೆಯ ಲೆಕ್ಕ ಹಾಕಿ ನೋಡೋಣ. ಲಿಂಗಸುಗೂರಿನಲ್ಲಿ ಗಂಡ ಹೆಂಡತಿ ಇಬ್ಬರೂ ನೌಕರಿಯಲ್ಲಿರುವ ಒಂದು ಮನೆ ಎಂದುಕೊಳ್ಳಿ. ಕಾರ್ಡಿನ ಮೇಲೆ ತಿಂಗಳಿಗೆ 25,000 ರೂಪಾಯಿ ಖರ್ಚು. ಅದರಲ್ಲಿ 8,000 ಆನ್‌ಲೈನ್, 14,000 ಊರ ಅಂಗಡಿಗಳಲ್ಲಿ, 3,000 ಪೆಟ್ರೋಲಿಗೆ. ಆನ್‌ಲೈನಿಗೆ ಶೇ 5, ಅಂಗಡಿಗೆ ಶೇ 1, ಪೆಟ್ರೋಲಿಗೆ ಏನೂ ಇಲ್ಲ ಎಂಬ ಕಾರ್ಡಾದರೆ 400 ಮತ್ತು 140, ಒಟ್ಟು ತಿಂಗಳಿಗೆ 540 ರೂಪಾಯಿ. ವರ್ಷಕ್ಕೆ 6,480. ಜಿಎಸ್‌ಟಿ ಸೇರಿ 1,179 ರೂಪಾಯಿ ಶುಲ್ಕ ಕಳೆದರೂ 5,301 ಕೈಯಲ್ಲಿ ಉಳಿಯುತ್ತದೆ. ಖರ್ಚು ಎರಡು ಲಕ್ಷ ದಾಟುವುದರಿಂದ ಶುಲ್ಕ ಮಾಫಿಯಾಗಿ ಪೂರ್ತಿ ಉಳಿದೀತು. ಈ ಮೊತ್ತ ಮಕ್ಕಳ ಪುಸ್ತಕಕ್ಕೋ ದೀಪಾವಳಿ ಬಟ್ಟೆಗೋ ನೇರವಾಗಿ ಆಗಿಬರುತ್ತದೆ.

ಅದೇ ಮನೆಗೆ 5,000 ರೂಪಾಯಿ ವಾರ್ಷಿಕ ಶುಲ್ಕದ ಪ್ರಯಾಣದ ಕಾರ್ಡು ಕೊಟ್ಟರೆಂದುಕೊಳ್ಳಿ. 100 ರೂಪಾಯಿಗೆ 2 ಪಾಯಿಂಟು. ಪೆಟ್ರೋಲ್ ಬಿಟ್ಟು ಉಳಿದ 22,000ಕ್ಕೆ ತಿಂಗಳಿಗೆ 440, ವರ್ಷಕ್ಕೆ 5,280 ಪಾಯಿಂಟು. ಒಂದಕ್ಕೆ ಒಂದು ರೂಪಾಯಿ ಎಂದು ಉದಾರವಾಗಿ ಹಿಡಿದರೂ 5,280 ರೂಪಾಯಿ. ಜಿಎಸ್‌ಟಿ ಸೇರಿದ ಶುಲ್ಕ 5,900. ಮೊದಲ ವರ್ಷ ಸ್ವಾಗತದ ಪಾಯಿಂಟು ಅಂತ ಒಂದಿಷ್ಟು ಕೊಟ್ಟು ಸರಿದೂಗಿಸುತ್ತಾರೆ, ಎರಡನೇ ವರ್ಷದಿಂದ ಮನೆಯವರೇ ಬ್ಯಾಂಕಿಗೆ ಕೊಟ್ಟಂತಾಗುತ್ತದೆ. ಈ ಪಾಯಿಂಟು ರೊಕ್ಕವಾಗಬೇಕಾದರೆ ಆ ಮನೆಯವರು ವಿಮಾನ ಹತ್ತಬೇಕು. ಲಾಂಜಿನ ಆಮಿಷವೂ ಹಾಗೆಯೇ. ಈಗ ಬಹಳಷ್ಟು ಬ್ಯಾಂಕುಗಳು ಹಿಂದಿನ ಮೂರು ತಿಂಗಳಲ್ಲಿ ಇಂತಿಷ್ಟು ಸಾವಿರ ಖರ್ಚು ಮಾಡಿದ್ದರೆ ಮಾತ್ರ ಲಾಂಜಿಗೆ ಬಿಡುತ್ತವೆ. ಒಂದು ಊಟಕ್ಕಾಗಿ ಬೇಡದ ಖರ್ಚು ಮಾಡುವಂತೆ ತಳ್ಳುವ ಷರತ್ತು ಅದು.

ನಮ್ಮ ಜನ ಪ್ರಯಾಣ ಮಾಡುವುದೇ ಇಲ್ಲ ಎಂದಲ್ಲ. ಮಂತ್ರಾಲಯ, ತಿರುಪತಿಗೆ ಹೋಗುತ್ತಾರೆ, ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಿಗೆ ಹೋಗುತ್ತಾರೆ, ಯುಗಾದಿ ಹೊತ್ತಿಗೆ ಶ್ರೀಶೈಲಕ್ಕೆ ಬರಿಗಾಲಲ್ಲೇ ನಡೆಯುತ್ತಾರೆ, ಮಳೆ ಕೈಕೊಟ್ಟ ವರ್ಷ ಗುಳೆ ಹೋಗುತ್ತಾರೆ. ಈ ದಾರಿಗಳ ಮೇಲೆ ಏರ್ ಮೈಲ್ ನಡೆಯುವುದಿಲ್ಲ. ನಡೆಯುವಂಥದ್ದು ಏನಾದರೂ ಇದ್ದರೆ ರೈಲಿನ ಕಾರ್ಡು. ಐಆರ್‌ಸಿಟಿಸಿ ಜೊತೆಗಿನ ಎಸ್‌ಬಿಐ ಕಾರ್ಡಿಗೆ ಮೊದಲ ವರ್ಷದ ಶುಲ್ಕ 500 ರೂಪಾಯಿ, ಐಆರ್‌ಸಿಟಿಸಿಯಲ್ಲಿ ತೆಗೆದ ಎ.ಸಿ. ಟಿಕೆಟಿಗೆ ಶೇ 10ರವರೆಗೆ ಪಾಯಿಂಟು ಬರುತ್ತದೆ, ಪಾವತಿಯ ಮೇಲಿನ ಶೇ 1 ಶುಲ್ಕದ ವಿನಾಯಿತಿಯೂ ಇದೆ. ಮಗಳು ಬೆಂಗಳೂರಿನಲ್ಲಿ ಓದುತ್ತಿದ್ದು, ಮನೆಯವರು ವರ್ಷಕ್ಕೆ 12,000 ರೂಪಾಯಿಯ ಎ.ಸಿ. ಟಿಕೆಟು ತೆಗೆದರೆ 1,200 ರೂಪಾಯಿಯ ಪಾಯಿಂಟು, ಮೊದಲ ವರ್ಷ ಜಿಎಸ್‌ಟಿ ಸೇರಿದ ಶುಲ್ಕ 590 ಹೋಗಿ 610 ಉಳಿತಾಯ. ಸಿಂಧನೂರಿನಿಂದ ಹೊರಡುವ ರೈಲಿನಲ್ಲಿ ಸ್ಲೀಪರ್ ಟಿಕೆಟನ್ನೇ ತೆಗೆಯುವವರಿಗೆ ಈ ಹತ್ತು ಪರ್ಸೆಂಟ್ ಇಲ್ಲ.

ಪ್ರಯಾಣದ ಪಾಯಿಂಟಿನ ಬಗ್ಗೆ ನನ್ನ ಮುಖ್ಯ ಆಕ್ಷೇಪ ಇರುವುದು ಅದರ ಕಟ್ಟಿಹಾಕುವ ಗುಣದ ಮೇಲೆ. ಸಿಂಧನೂರಿನ ಭತ್ತದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಡತಿ ಅಂಗಡಿಯವರು ಲಾಗೋಡಿಗೆ ರೊಕ್ಕ ಕೊಡುತ್ತಾರೆ, ಸುಗ್ಗಿಯಲ್ಲಿ ಮಾಲು ಅವರ ಅಂಗಡಿಗೇ ಹೋಗಬೇಕು, ದರ ಅವರು ಹೇಳಿದ್ದು, ಪಟ್ಟಿ ಅವರು ಬರೆದದ್ದು. ಏರ್‌ಲೈನ್ ಪಾಯಿಂಟೂ ಅದೇ ಬಗೆಯದು. ನಿಮ್ಮ ದುಡಿಮೆಯ ಪಾಲು ಒಬ್ಬ ವ್ಯಾಪಾರಿಯ ಪುಸ್ತಕದಲ್ಲಿ ಜಮೆಯಾಗಿರುತ್ತದೆ. ಅದನ್ನು ಅವರ ಹತ್ತಿರವೇ ಕರಗಿಸಬೇಕು, ಬೆಲೆ ಕಟ್ಟುವವರೂ ಅವರೇ. ಅಡತಿಯವರನ್ನಾದರೂ ಎದುರು ಕೂತು ಕೇಳಬಹುದು.

ಆ ಪುಸ್ತಕವೇ ಮುಚ್ಚಿಹೋದದ್ದನ್ನೂ ಕನ್ನಡಿಗರು ಕಂಡಿದ್ದಾರೆ. ಬೆಂಗಳೂರಿನ ಕಿಂಗ್‌ಫಿಷರ್ 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಲ್ಲಿಸಿತು. ಅದರ ಮೈಲುಗಳನ್ನು ಕೂಡಿಟ್ಟವರಿಗೆ ಏನೂ ಉಳಿಯಲಿಲ್ಲ. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ನಿಂತಿತು. ವಿಸ್ತಾರಾ 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ಸೇರಿಹೋಯಿತು. ಅದರ ಪಾಯಿಂಟುಗಳು ಏರ್ ಇಂಡಿಯಾದ ಮಹಾರಾಜ ಕ್ಲಬ್ಬಿಗೆ ವರ್ಗವಾದವು, ಜನ ಮೆಚ್ಚಿ ತೆಗೆದುಕೊಂಡಿದ್ದ ವಿಸ್ತಾರಾ ಕಾರ್ಡುಗಳು ಹೊಸಬರಿಗೆ ಸಿಗದಾದವು. ನಮ್ಮ ಸುತ್ತಿನಲ್ಲೇ ನೋಡಿದರೆ, ಉಡಾನ್ ಯೋಜನೆಯಡಿ 2017ರಲ್ಲಿ ತೋರಣಗಲ್ಲಿನ ವಿದ್ಯಾನಗರದಿಂದ ಹಾರತೊಡಗಿದ ಟ್ರೂಜೆಟ್ ಕೂಡ 2022ರ ಹೊತ್ತಿಗೆ ನಿಂತಿತು. ಬಿಲ್ಲಿನಲ್ಲಿ ಕಡಿತವಾದ 540 ರೂಪಾಯಿಗೆ ಈ ಭಯವಿಲ್ಲ. ಅದು ಆ ತಿಂಗಳಲ್ಲೇ ನಿಮ್ಮದಾಗಿರುತ್ತದೆ.

ಹಾಗಾದರೆ ಪ್ರಯಾಣದ ಕಾರ್ಡು ಯಾರಿಗೆ? ಸಿಂಧನೂರಿನಲ್ಲೂ ಅಂಥವರಿದ್ದಾರೆ. ವ್ಯವಹಾರಕ್ಕಾಗಿ ವರ್ಷದಲ್ಲಿ ಹಲವು ಸಲ ಚೆನ್ನೈ, ಮುಂಬೈಗೆ ಹಾರುವ ರೈಸ್‌ಮಿಲ್ ಮಾಲೀಕರು, ಸಮ್ಮೇಳನಗಳಿಗೆ ಹೋಗುವ ವೈದ್ಯರು, ಮಗ ಅಮೆರಿಕದಲ್ಲೋ ಕೊಲ್ಲಿ ದೇಶದಲ್ಲೋ ಇದ್ದು ಹೋಗಿಬರುವ ಮನೆಗಳು. ತಿಂಗಳ ಖರ್ಚು ಲಕ್ಷದ ಆಸುಪಾಸಿದ್ದು, ವಿಮಾನದ ಟಿಕೆಟನ್ನು ಹೇಗಿದ್ದರೂ ಕೊಳ್ಳಲೇಬೇಕಾದವರಿಗೆ ಪಾಯಿಂಟು ಕ್ಯಾಶ್‌ಬ್ಯಾಕನ್ನು ಮೀರಿಸುತ್ತದೆ. ವಿದೇಶದಲ್ಲಿ ಕಾರ್ಡು ಉಜ್ಜಿದರೆ ಸಾಮಾನ್ಯ ಕಾರ್ಡುಗಳು ಸುಮಾರು ಶೇ 3.5ರಷ್ಟು ಮೇಲೆ ಹಾಕುತ್ತವೆ. ಕೆಲವು ಪ್ರಯಾಣದ ಕಾರ್ಡುಗಳಲ್ಲಿ ಅದು ಕಡಿಮೆ, ಕೆಲವದರಲ್ಲಿ ಇಲ್ಲವೇ ಇಲ್ಲ. ಇಂಥವರೂ ಪಾಯಿಂಟನ್ನು ವರ್ಷಗಟ್ಟಲೆ ಕೂಡಿಡದೆ ವರ್ಷ ವರ್ಷ ಕರಗಿಸಿಬಿಡಬೇಕು. ಉಳಿದವರಿಗೆ, ಎಂದರೆ ಈ ಮೂರು ಊರುಗಳ ಬಹುತೇಕ ಪಗಾರದಾರರಿಗೆ, ಶುಲ್ಕವಿಲ್ಲದ ಇಲ್ಲವೇ ಮಾಫಿಯಾಗುವ ಒಂದು ಕ್ಯಾಶ್‌ಬ್ಯಾಕ್ ಕಾರ್ಡೇ ಸರಿ ಎಂದು ನಾನು ಹೇಳುತ್ತೇನೆ. ಅಮೆಜಾನ್ ಪೇ ಐಸಿಐಸಿಐ ಕಾರ್ಡಿನಂಥವಕ್ಕೆ ವಾರ್ಷಿಕ ಶುಲ್ಕವೇ ಇಲ್ಲ, ಆದರೆ ಹೆಚ್ಚಿನ ಲಾಭ ಆ ಒಂದೇ ಅಂಗಡಿಯಲ್ಲಿ ಕೊಂಡಾಗ ಮಾತ್ರ.

ಈ ಲೆಕ್ಕವೆಲ್ಲ ನಿಂತಿರುವುದು ಒಂದೇ ಷರತ್ತಿನ ಮೇಲೆ: ಬಿಲ್ಲನ್ನು ಪ್ರತಿ ತಿಂಗಳೂ ಪೂರ್ತಿ ಕಟ್ಟಬೇಕು. ಕಾರ್ಡಿನ ಬಿಲ್ಲಿನಲ್ಲಿ ಎರಡು ಮೊತ್ತ ಇರುತ್ತವೆ, ಒಟ್ಟು ಬಾಕಿ ಮತ್ತು ಕನಿಷ್ಠ ಬಾಕಿ. ಕನಿಷ್ಠ ಬಾಕಿ ಶೇ 5 ಎಂದುಕೊಂಡರೆ 25,000ದ ಬಿಲ್ಲಿಗೆ ಅದು 1,250. ಅಷ್ಟು ಕಟ್ಟಿದರೆ ದಂಡ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ. ಉಳಿದ 23,750ಕ್ಕೆ ತಿಂಗಳಿಗೆ ಶೇ 3.75ರಂತೆ 890 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿ 1,050. ತಿಂಗಳಿಗೆ 540 ಗಳಿಸಿಕೊಟ್ಟ ಕಾರ್ಡು ಒಂದೇ ತಿಂಗಳಲ್ಲಿ ಅದರ ಹೆಚ್ಚುಕಡಿಮೆ ದುಪ್ಪಟ್ಟನ್ನು ಕಿತ್ತುಕೊಂಡಿತು. ನಿಜವಾದ ಬಡ್ಡಿ ಇನ್ನೂ ಹೆಚ್ಚು, ಏಕೆಂದರೆ ಬಾಕಿ ಉಳಿಸಿಕೊಂಡವರಿಗೆ ಹೊಸ ಖರೀದಿಯ ಮೇಲೂ ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ. 45–50 ದಿನದ ಬಡ್ಡಿರಹಿತ ಅವಧಿ ಅವರ ಪಾಲಿಗೆ ಇರುವುದಿಲ್ಲ. ವರ್ಷಕ್ಕೆ ಶೇ 42–45ರ ಈ ಬಡ್ಡಿಗೆ ಕಡಿವಾಣವೂ ಇಲ್ಲ. ಶೇ 30ಕ್ಕಿಂತ ಹೆಚ್ಚು ಬಡ್ಡಿ ಅನ್ಯಾಯದ ವ್ಯಾಪಾರ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 20ರಂದು ಆ ಆದೇಶವನ್ನು ರದ್ದುಪಡಿಸಿತು.

ಇಲ್ಲಿಯೇ ಹೊಲದ ಆದಾಯದವರ ವಿಷಯ ಬೇರೆಯಾಗುತ್ತದೆ. ಕಾರ್ಡಿನ ಬಿಲ್ಲು ತಿಂಗಳಿಗೊಮ್ಮೆ ಬರುತ್ತದೆ. ಭತ್ತದ ರೊಕ್ಕ, ತುಂಗಭದ್ರಾ ಎಡದಂಡೆ ಕಾಲುವೆಗೆ ಎರಡೂ ಬೆಳೆಗೆ ನೀರು ಬಿಟ್ಟರೆ, ವರ್ಷಕ್ಕೆ ಎರಡು ಸಲ ಬರುತ್ತದೆ. 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಗೇಟು ಕೊಚ್ಚಿಹೋದ ರಾತ್ರಿ ಈ ಸೀಮೆಯ ಎಷ್ಟು ಮನೆಗಳು ನಿದ್ದೆಗೆಟ್ಟವು ಎಂಬುದು ಇಲ್ಲಿನವರಿಗೆ ಗೊತ್ತು. ಮಸ್ಕಿಯ ಒಣಬೇಸಾಯದ ಊರುಗಳಿಗೆ ಆ ಭರವಸೆಯೂ ಇಲ್ಲ. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಅಲ್ಲಿನ ರೈತರು ತಿಂಗಳುಗಟ್ಟಲೆ ಧರಣಿ ಕೂತದ್ದು ಅದಕ್ಕೇ. ಆರು ತಿಂಗಳಿಗೊಮ್ಮೆ ರೊಕ್ಕ ಕಾಣುವ ಮನೆ ತಿಂಗಳಿಗೊಮ್ಮೆ ಪೂರ್ತಿ ಕಟ್ಟಬೇಕಾದ ಸಾಲಕ್ಕೆ ಕೈ ಹಾಕಬಾರದು, ಅದು ಕ್ಯಾಶ್‌ಬ್ಯಾಕ್ ಆಗಲಿ ಪ್ರಯಾಣದ್ದಾಗಲಿ. ಅವರಿಗೆ 1998ರಿಂದ ಇರುವುದು ಕಿಸಾನ್ ಕ್ರೆಡಿಟ್ ಕಾರ್ಡ್. ಮೂರು ಲಕ್ಷದವರೆಗಿನ ಬೆಳೆಸಾಲಕ್ಕೆ ಬಡ್ಡಿ ಶೇ 7, ವಾಯಿದೆಯೊಳಗೆ ಕಟ್ಟಿದರೆ ಕೈಗೆ ಬೀಳುವುದು ಶೇ 4. ಸಹಕಾರ ಸಂಘದ ಮೂಲಕವಾದರೆ ರಾಜ್ಯ ಸರ್ಕಾರದ ಶೂನ್ಯ ಬಡ್ಡಿಯ ಸಾಲವಿದೆ, ಅದರ ಮಿತಿಯನ್ನು 2023ರಲ್ಲಿ 3ರಿಂದ 5 ಲಕ್ಷಕ್ಕೆ ಏರಿಸಿದರು. ಗ್ರಾಮೀಣ ಬ್ಯಾಂಕಿನಲ್ಲಿ ಆ ಕಾಗದಪತ್ರಕ್ಕೆ ಅಲೆಯುವುದು ಬೇಸರದ ಕೆಲಸ, ಫೋನಿನಲ್ಲಿ ಬರುವ ಕಾರ್ಡು ಸಲೀಸು. ಆದರೆ ನಾಲ್ಕಕ್ಕೂ ನಲವತ್ತೆರಡಕ್ಕೂ ಇರುವ ಅಂತರ ಆ ಅಲೆದಾಟಕ್ಕೆ ತಕ್ಕ ಕೂಲಿ.

ಹೊಲವೂ ಇದ್ದು ತಿಂಗಳ ಆದಾಯವೂ ಇರುವ ಮನೆಗಳಿವೆ. ಹಾಲು ಹಾಕುವವರು, ಕಿರಾಣಿ ಇಟ್ಟವರು, ಟೇಲರುಗಳು. ಇವರಿಗೆ ಪಗಾರದ ಚೀಟಿ ಇಲ್ಲವೆಂದು ಬ್ಯಾಂಕು ಕಾರ್ಡು ನಿರಾಕರಿಸಬಹುದು. ಠೇವಣಿ ಇಟ್ಟು ಅದರ ಆಧಾರದ ಮೇಲೆ ತೆಗೆದುಕೊಳ್ಳುವ ಕಾರ್ಡು ಇವರಿಗೆ ಹೊಂದುತ್ತದೆ. ಠೇವಣಿಗೆ ಬಡ್ಡಿ ಬರುತ್ತಲೇ ಇರುತ್ತದೆ, ಕಾರ್ಡಿನ ಮಿತಿ ಠೇವಣಿಯ ಒಳಗೇ ಇರುವುದರಿಂದ ಸಾಲ ಕೈಮೀರುವುದಿಲ್ಲ, ಸರಿಯಾಗಿ ಕಟ್ಟುತ್ತ ಹೋದರೆ ಸಿಬಿಲ್ ಸ್ಕೋರೂ ಬೆಳೆಯುತ್ತದೆ. ನಾಳೆ ಮನೆ ಸಾಲಕ್ಕೆ ಹೋದಾಗ ಆ ಸ್ಕೋರು ಕ್ಯಾಶ್‌ಬ್ಯಾಕಿಗಿಂತ ಹೆಚ್ಚು ಉಳಿಸಿಕೊಡುತ್ತದೆ.

ಎರಡು ಅಪಾಯಗಳನ್ನು ಹೇಳಲೇಬೇಕು. ಒಂದು, ಕಾರ್ಡು ಉಜ್ಜಿಸಿಕೊಂಡು ಎರಡು ಮೂರು ಪರ್ಸೆಂಟ್ ಹಿಡಿದು ನಗದು ಕೊಡುವ ದಂಧೆ. ತುರ್ತಿಗೆ ಸಲೀಸಾಗಿ ಕಾಣುತ್ತದೆ. ಬ್ಯಾಂಕಿನ ಕರಾರಿಗೆ ವಿರುದ್ಧವಾದ ಈ ಕೆಲಸ ಸಿಕ್ಕಿಬಿದ್ದರೆ ಕಾರ್ಡು ಹೋಗುತ್ತದೆ, ಸಾಲ ಉಳಿಯುತ್ತದೆ. ಎಟಿಎಂನಲ್ಲಿ ಕ್ರೆಡಿಟ್ ಕಾರ್ಡು ಹಾಕಿ ರೊಕ್ಕ ತೆಗೆಯುವುದೂ ದುಬಾರಿ, ಶೇ 2.5ರಷ್ಟು ಶುಲ್ಕ, ಅದೂ ಕನಿಷ್ಠ 500 ರೂಪಾಯಿ, ಜೊತೆಗೆ ತೆಗೆದ ದಿನದಿಂದ ಬಡ್ಡಿ. ಇನ್ನೊಂದು, ‘ನಿಮ್ಮ ರಿವಾರ್ಡ್ ಪಾಯಿಂಟ್ ಇವತ್ತೇ ಮುಗಿಯುತ್ತದೆ, ಈ ಲಿಂಕ್ ಒತ್ತಿ’ ಎಂದು ವಾಟ್ಸ್ಆ್ಯಪ್‌ನಲ್ಲಿ ಬರುವ ಸಂದೇಶ. ಪಾಯಿಂಟಿನ ಕಾರ್ಡು ಇದ್ದವರು ಇದಕ್ಕೆ ಬೇಗ ಬಲಿಯಾಗುತ್ತಾರೆ, ಏಕೆಂದರೆ ಪಾಯಿಂಟಿಗೆ ವಾಯಿದೆ ಇರುವುದು ನಿಜ. ಯಾವ ಬ್ಯಾಂಕೂ ಲಿಂಕ್ ಕಳಿಸಿ ಒಟಿಪಿ ಕೇಳುವುದಿಲ್ಲ. ರೊಕ್ಕ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ ಕಾರ್ಡು ಬಂದ್ ಮಾಡಿಸಿ.

ಫೋನಿನಲ್ಲಿ ‘ಹೂಂ’ ಎಂದಿದ್ದಕ್ಕೆ ಬೇಡದ ಕಾರ್ಡು ಮನೆಗೆ ಬಂದಿದ್ದರೆ ಹೆದರಬೇಕಾಗಿಲ್ಲ. ಗ್ರಾಹಕರ ಸ್ಪಷ್ಟ ಒಪ್ಪಿಗೆಯಿಲ್ಲದೆ ಕಾರ್ಡು ಕೊಡಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ನಿರ್ದೇಶನ ಕೊಟ್ಟಿದೆ. ಇಟ್ಟುಕೊಂಡ ಕಾರ್ಡು ಸಾಕೆನಿಸಿದರೆ ಮೊದಲು ಉಳಿದ ಪಾಯಿಂಟು ಬಿಡಿಸಿಕೊಳ್ಳಿ, ಬಾಕಿ ಪೂರ್ತಿ ಕಟ್ಟಿ, ಆಮೇಲೆ ಮುಚ್ಚುವ ಮನವಿಯನ್ನು ಇಮೇಲ್‌ನಲ್ಲೋ ಆ್ಯಪ್‌ನಲ್ಲೋ ದಾಖಲೆ ಉಳಿಯುವಂತೆ ಕೊಡಿ. ಬಾಕಿ ಇಲ್ಲದಿದ್ದರೆ ಬ್ಯಾಂಕು ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು. ತಡಮಾಡಿದರೆ ಮುಚ್ಚುವ ತನಕ ದಿನಕ್ಕೆ 500 ರೂಪಾಯಿಯಂತೆ ಗ್ರಾಹಕರಿಗೆ ದಂಡ ಕೊಡಬೇಕು. ವಾರ್ಷಿಕ ಶುಲ್ಕ ಬೀಳುವ ತಿಂಗಳು ಯಾವುದು ಎಂದು ಹಳೆಯ ಬಿಲ್ಲಿನಲ್ಲಿ ನೋಡಿಕೊಂಡು, ಅದಕ್ಕೆ ಮುಂಚೆಯೇ ಈ ಕೆಲಸ ಮುಗಿಸಿ.